ಪುಣೆ–ಹುಬ್ಬಳ್ಳಿ ವಂದೇ ಭಾರತ್: ಗಾಡಿಗೆ ಅವಸರ, ದಾರಿಗೆ ಇಲ್ಲ

ಸೀಟು, ಎಸಿ, ಚಾರ್ಜಿಂಗ್ ಪಾಯಿಂಟ್ ಬಗ್ಗೆ ಎಲ್ಲರೂ ಬರೆದಾಗಿದೆ. 2024ರ ಸೆಪ್ಟೆಂಬರಿನಲ್ಲಿ ಈ ಗಾಡಿ ಶುರುವಾದಾಗಿನಿಂದ ಅವ್ವನನ್ನು ನೋಡಲು ಪುಣೆಯಿಂದ ಧಾರವಾಡಕ್ಕೆ ಇದರಲ್ಲೇ ಹೋಗುತ್ತೇನೆ. ನನ್ನ ತಕರಾರು ಒಂದೇ, ಬೋಗಿಯ ತುದಿಯಲ್ಲಿರುವ ಆ ಪರದೆ.

ಅದರಲ್ಲಿ ಗಾಡಿಯ ವೇಗ ಬರುತ್ತದೆ. ಯಾಕಾದರೂ ತೋರಿಸುತ್ತಾರೋ! ಇದು ಗಂಟೆಗೆ 160 ಕಿಲೋಮೀಟರ್ ಓಡಬಲ್ಲ ಗಾಡಿ. ಪುಣೆ ದಾಟಿ ಶಿಂದವಣೆ ಘಾಟ್ ಹತ್ತಿತೆಂದರೆ ನಂಬರ್ ಇಳಿಯುತ್ತಲೇ ಹೋಗುತ್ತದೆ. ಆದರ್ಕಿ ಹತ್ತಿರ ಮತ್ತೆ ಅದೇ ಕಥೆ. 558 ಕಿಲೋಮೀಟರಿಗೆ ಎಂಟೂವರೆ ಗಂಟೆ. ಭಾಗಿಸಿ ನೋಡಿ, ಸರಾಸರಿ 66 ಕೂಡ ಬರಲ್ಲ. ಹೈವೇಯಲ್ಲಿ ಹೋದರೆ ನೂರು ಕಿಲೋಮೀಟರಿಗಿಂತ ಜಾಸ್ತಿ ಉಳಿಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಹಾಕಿದಾಗ ಜೇಜುರಿ, ನೀರಾ, ಲೋಣಂದ್ ಅಂತ ಸುತ್ತಿಕೊಂಡು ಹೋದ ದಾರಿ ಇದು. ಆಮೇಲೆ ಬ್ರಾಡ್ ಗೇಜ್ ಆಯಿತು, ಕರೆಂಟ್ ಬಂತು. ಸುತ್ತು ಮಾತ್ರ ಹೋಗಲಿಲ್ಲ.

ಆದರೂ ಯಾಕೆ ಹತ್ತುತ್ತೇನೆ ಅಂದರೆ, ಮಿರಜಿಗಾಗಿ. ರೈಲಿನ ಊಟ ಬೇಡ ಅಂತ ಟಿಕೆಟ್ ಮಾಡುವಾಗಲೇ ಒತ್ತಿಬಿಡುತ್ತೇನೆ, ದುಡ್ಡೂ ಉಳಿಯುತ್ತದೆ. ಡಬ್ಬಿಯಲ್ಲಿ ಚಪಾತಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹಿಂಡಿಗೆ ಮನೆಯಲ್ಲೇ ಎಣ್ಣೆ ಕಲಸಬಾರದು, ಪುಟ್ಟ ಬಾಟಲಿಯಲ್ಲಿ ಬೇರೆ ಒಯ್ಯಬೇಕು. ಮಿರಜ್ ಬರುವ ತನಕ ಡಬ್ಬಿ ತೆಗೆಯುವುದಿಲ್ಲ. ಅಲ್ಲಿವರೆಗೆ ಬೋಗಿ ತುಂಬಾ ಮರಾಠಿ, ಎಲ್ಲರೂ ಫೋನಿನಲ್ಲಿ ತಲೆ ಹುದುಗಿಸಿರುತ್ತಾರೆ. ಮಿರಜ್ ಬಿಟ್ಟು ಹೊರಗೆ ಕತ್ತಲಾಗುವ ಹೊತ್ತಿಗೆ ಯಾರೋ ಒಬ್ಬರು "ನಿಮ್ದು ಯಾವೂರ್ರೀ?" ಅಂತ ಶುರು ಮಾಡುತ್ತಾರೆ. ಅಲ್ಲಿಂದ ಬೆಳಗಾವಿ ತನಕ ಪರದೆ ಕಡೆ ಕಣ್ಣೇ ಹೋಗುವುದಿಲ್ಲ. ಹಿಂಡಿಯೂ ಉಳಿಯುವುದಿಲ್ಲ.

ಮುಂಬೈಯಲ್ಲಿರುವ ನನ್ನ ತಮ್ಮನಿಗೆ ಇದೆಲ್ಲ ತಮಾಷೆ. ಅವನಿಗೆ ಬುಲೆಟ್ ಟ್ರೇನಿನ ಹುಚ್ಚು. ಮುಂಬೈ–ಅಹಮದಾಬಾದ್ 508 ಕಿಲೋಮೀಟರ್, ಗಂಟೆಗೆ 320, ಠಾಣೆ ಖಾಡಿಯ (ಒಳಚಾಚಿದ ಸಮುದ್ರದ) ಕೆಳಗೆ ಸುರಂಗ ಅಂತ ಬಾಯಿಪಾಠ ಒಪ್ಪಿಸುತ್ತಾನೆ. 2017ರಲ್ಲಿ ಅಡಿಗಲ್ಲು ಹಾಕಿದಾಗಿನ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. "ಜಪಾನ್ ಸಾಲ ಅಕ್ಕಾ, ಬಡ್ಡಿ ಇಲ್ಲದಂಗೇ" ಅನ್ನುತ್ತಾನೆ. ಬಡ್ಡಿ ಶೇ. 0.1 ಇರಬಹುದು, ಅಸಲು ಕಟ್ಟಬೇಕಲ್ವಾ? ಮೇಲಾಗಿ ಅದರ ಎರಡು ಹಳಿಗಳ ನಡುವಿನ ಅಗಲ 1,435 ಮಿಲಿಮೀಟರ್, ನಮ್ಮದು 1,676. ಆ ಗಾಡಿ ತನ್ನ ದಾರಿ ಬಿಟ್ಟು ಇತ್ತ ಒಂದು ಹೆಜ್ಜೆಯೂ ಇಡುವಂತಿಲ್ಲ. ವಂದೇ ಭಾರತ್ ಹಾಗಲ್ಲ, ಇದ್ದ ಹಳಿಯಲ್ಲೇ ಹುಬ್ಬಳ್ಳಿ ತನಕ ಬರುತ್ತದೆ. ನಿಧಾನವಾಗಿಯಾದರೂ.

ತಮ್ಮನ ಮಾತಿನಲ್ಲಿ ಒಂದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. 1964ರಲ್ಲಿ ಜಪಾನ್ ಟೋಕಿಯೊ–ಒಸಾಕಾ ನಡುವೆ ಹೊಸ ಹಳಿ ಹಾಕಿದ್ದು ಶೋಕಿಗಲ್ಲ, ಹಳೇ ಹಳಿಯಲ್ಲಿ ಗಾಡಿ ಹಿಡಿಸುತ್ತಿರಲಿಲ್ಲ. ಮುಂಬೈ ಸುತ್ತ ಇವತ್ತು ಅದೇ ಸ್ಥಿತಿ. ಹಾಗಾಗಿ ಅಲ್ಲೊಂದು ಆಗಲಿ, ಬೇಡ ಅನ್ನಲ್ಲ. ಆದರೆ ಊರೂರಿಗೂ ಬುಲೆಟ್ ಅಂತ ಹೊರಡುವ ಮೊದಲು ಇಂಥ ಘಾಟಿಗಳಲ್ಲಿ ಸುರಂಗ ಕೊರೆದು ದಾರಿ ನೇರ ಮಾಡಲಿ. ನನಗೆ 320 ಬೇಡ. ಹುಬ್ಬಳ್ಳಿಗೆ ಆರು ಗಂಟೆಯಲ್ಲಿ ಮುಟ್ಟಿದರೆ ಸಾಕು, ಅದಕ್ಕೆ 93ರ ಸರಾಸರಿ ಸಾಲುತ್ತದೆ.

ಟಿಕೆಟ್ ಸುಮಾರು ಒಂದೂವರೆ ಸಾವಿರ. ವಾರದಲ್ಲಿ ಮೂರೇ ದಿನ. ಅವ್ವನನ್ನು ಪುಣೆಗೆ ಕರೆತರುವುದಿದ್ದರೆ ಬೇರೆ ಯೋಚನೆಯೇ ಇಲ್ಲ, ಇದೇ ಗಾಡಿ. ಮೊಣಕಾಲು ನೋವಿನವರಿಗೆ ಎದ್ದು ಓಡಾಡಲು ಜಾಗ, ಗಾಡಿಯಲ್ಲೇ ಟಾಯ್ಲೆಟ್, ಬಸ್ಸಿನಲ್ಲಿ ಇದೆಲ್ಲಿ? ಒಬ್ಬಳೇ ಇದ್ದರೆ ಹೋಗುವಾಗ ಮಾತ್ರ ಇದು. ವಾಪಸ್ ಗಾಡಿ ಹುಬ್ಬಳ್ಳಿ ಬಿಡುವುದು ಬೆಳಗಿನ ಜಾವ 5ಕ್ಕೆ, ಪುಣೆ ಮುಟ್ಟುವಷ್ಟರಲ್ಲಿ ಅರ್ಧ ದಿನದ ರಜೆ ಹೋಗಿರುತ್ತದೆ. ರಾತ್ರಿ ಬಸ್ಸೇ ವಾಸಿ.