ಫಿಸ್ಸಿಡೆನ್ಸ್ ಮಾಸ್ ಮತ್ತು ತೋಡಿನ ಹೈಡ್ರಿಲ್ಲಾ: ಗಾಜಿನ ತೊಟ್ಟಿಗೆ ಯಾವುದು?

ಫಿಸ್ಸಿಡೆನ್ಸ್ ಫಾಂಟಾನಸ್ ಉತ್ತರ ಅಮೆರಿಕದ ಮಾಸ್, ಅಂದರೆ ನೀರಲ್ಲಿ ಬೆಳೆಯುವ ಹಾವಸೆ. ಕಾಸರಗೋಡಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ. ತರಿಸಿಕೊಂಡರೆ ಅರ್ಧ ಅಂಗೈ ತುಂಬುವಷ್ಟಕ್ಕೇ ಜೇಬು ಖಾಲಿ. ನೀರೊಳಗೇ ಬೆಳೆಯುವ ಗಿಡ ಹೈಡ್ರಿಲ್ಲಾಗೆ ಆ ಚಿಂತೆ ಇಲ್ಲ. ಪೆರ್ಲದ ಕಡೆ ಗದ್ದೆಯ ತೋಡಿಗೆ ಕೈ ಹಾಕಿದರೆ ಬಕೆಟ್ ತುಂಬ ಬರುತ್ತದೆ. ಎರಡನ್ನೂ ಜಗಲಿಯಲ್ಲಿ, ಬೇರೆ ಬೇರೆ ತೊಟ್ಟಿಗಳಲ್ಲಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಒಂದೇ ಸುರಂಗದ ನೀರಿನಲ್ಲಿ ಬೆಳೆಸಿ ನೋಡಿದೆ.

ಚಂದಕ್ಕೆ ಮಾಸ್‌ಗೆ ಸಾಟಿಯಿಲ್ಲ. ಎಲೆಗಳು ಎರಡೇ ಸಾಲಿನಲ್ಲಿ, ಹಕ್ಕಿಯ ಗರಿಯಂತೆ. ನಿಜವಾದ ಬೇರಿಲ್ಲ. ಮುರಕಲ್ಲಿನ ತುಂಡಿಗೆ ನೂಲಿನಿಂದ ಕಟ್ಟಿಟ್ಟೆ, ಕಲ್ಲಿನ ತೂತುಗಳಿಗೆ ನಿಧಾನವಾಗಿ ಕಚ್ಚಿಕೊಂಡಿತು. ಬೆಳೆಯುವುದು ಮಾತ್ರ ಬಹಳ ನಿಧಾನ. ನಡುವೆ ಕೂದಲೆಳೆಯಂಥ ಪಾಚಿ ಹೊಕ್ಕರೆ ಚಿಮಟ ಹಿಡಿದು ಕೂರಬೇಕು. ಜೋರಾಗಿ ಎಳೆದರೆ ಮಾಸೂ ಕಿತ್ತು ಬರುತ್ತದೆ. ಬೇಸಿಗೆಯಂತೂ ಇದಕ್ಕೆ ಆಗಿಬರುವುದಿಲ್ಲ. ಸುರಂಗದಿಂದ ತಣ್ಣಗೆ ಬರುವ ನೀರು ಏಪ್ರಿಲ್ ಮಧ್ಯಾಹ್ನ ತೊಟ್ಟಿಯಲ್ಲಿ 30 ಡಿಗ್ರಿ ದಾಟುತ್ತದೆ, ತುದಿಗಳು ಕಂದು ತಿರುಗುತ್ತವೆ. ದಿನಾ ಸ್ವಲ್ಪ ನೀರು ಬದಲಿಸಿ ಹೇಗೋ ಉಳಿಸಿಕೊಂಡೆ.

ಹೈಡ್ರಿಲ್ಲಾ ಈ ಸೆಕೆಗೆ ಜಗ್ಗುವುದಿಲ್ಲ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ಬೈಕಾರ್ಬನೇಟಿನಿಂದಲೂ ಇಂಗಾಲ ಹೀರಿಕೊಳ್ಳುತ್ತದೆ. ಹೆಚ್ಚಿನ ಮಾಸ್‌ಗಳಿಗೆ ಆ ಉಪಾಯ ಗೊತ್ತಿಲ್ಲ. ಬಿಸಿಲು ಬಿದ್ದ ಕೂಡಲೇ ಎಲೆಗಳಿಂದ ಗುಳ್ಳೆಗಳ ಸಾಲು ಏಳುತ್ತದೆ. ಶಾಲೆಯಲ್ಲಿ ಬೀಕರಿನೊಳಗೆ ಆಲಿಕೆ ಮಗುಚಿ ತೋರಿಸುತ್ತಿದ್ದದ್ದು ಇದೇ ಗಿಡ, ಅಲ್ವಾ? ಹೂವನ್ನೂ ನೋಡಬೇಕು. ಹೆಣ್ಣು ಹೂ ದಾರದಂತೆ ಉದ್ದವಾಗಿ ನೀರಿನ ಮೇಲಕ್ಕೆ ಬರುತ್ತದೆ. ಗಂಡು ಹೂ ಗಿಡದಿಂದ ಕಳಚಿ ತೇಲಿ ಬಂದು, ಸಿಡಿದು ಪರಾಗ ಚೆಲ್ಲುತ್ತದೆ. ಎಳ್ಳಿನಷ್ಟು ಸಣ್ಣದು, ಭೂತಗನ್ನಡಿ ಬೇಕು.

ತೊಂದರೆಯೂ ಇದೆ. ತೋಡಿನ ಗಿಡದ ಜೊತೆ ಬಸವನಹುಳ ಬರುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿಯೂ ಬರುತ್ತದೆ. ಅದು ಗಪ್ಪಿ ಮೀನಿನ ಮರಿಗಳನ್ನು ಹಿಡಿದು ತಿನ್ನುತ್ತದೆ. ಮೊದಲು ಬೇರೆ ಬಕೆಟಿನಲ್ಲಿಟ್ಟು, ಆಗಾಗ ಅಲುಗಾಡಿಸಿ ನೋಡಿ. ಜೊತೆಗೆ ಕತ್ತರಿ ಕೈಯಲ್ಲೇ ಇರಬೇಕು. ಜಾಸ್ತಿ ದಟ್ಟವಾದರೆ ರಾತ್ರಿ ಗಿಡವೂ ಆಮ್ಲಜನಕ ಬಳಸುವುದರಿಂದ ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ಗಪ್ಪಿ ಸಾಕುವವರು ಸುಮ್ನೆ ದುಡ್ಡು ಹಾಳು ಮಾಡಬೇಡಿ, ಹೈಡ್ರಿಲ್ಲಾ ಹಾಕಿ. ಮನೆಯೊಳಗೆ ನೆರಳಿನಲ್ಲಿ ಪುಟ್ಟ ಸಿಗಡಿ ಸಾಕುವವರಿಗಾದರೆ ಮಾಸ್ ಸರಿ. ಕತ್ತರಿಸಿದ ಹೈಡ್ರಿಲ್ಲಾವನ್ನು ತೆಂಗಿನ ಬುಡಕ್ಕೆ ಹಾಕಿ, ಯಾರದೋ ಕೆರೆಗೆ ಎಸೆಯಬೇಡಿ. ಗೆಣ್ಣಿರುವ ಒಂದು ತುಂಡೂ ಚಿಗುರುತ್ತದೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲೋರಿಡಾ ಸೇರಿದ ಈ ಗಿಡವನ್ನು ಕೀಳಲು ಅಲ್ಲಿನವರು ಇನ್ನೂ ಹಣ ಸುರಿಯುತ್ತಿದ್ದಾರೆ.