ಜೆಲ್‌ನಲ್ಲಿ ಕಾಣದ ಕೊಳೆ: ಒಂದು ಜಿಎಂ-ಸಿಎಸ್‌ಎಫ್ ವಯಲ್‌ನ ರಿವ್ಯೂ

ಬೆಳಕಿಗೆ ಹಿಡಿದು ನೋಡಿದರೆ ವಯಲ್ ಒಳಗೆ ಏನೂ ಕಾಣಿಸುವುದಿಲ್ಲ. 50 ಮೈಕ್ರೋಗ್ರಾಂ ಒಣ ಪ್ರೋಟೀನ್ ಅಂದರೆ ತಳಕ್ಕೆ ಅಂಟಿದ ತೆಳು ಪೊರೆ, ಅಷ್ಟೇ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ "ಮೇಡಂ, ಖಾಲಿ ವಯಲ್ ಕಳಿಸಿದ್ದಾರೆ" ಅಂತ ಗಾಬರಿಯಿಂದ ಬಂದಳು. ಖಾಲಿ ಅಲ್ಲ. ಆದರೆ ಮುಚ್ಚಳ ತೆಗೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ತಿರುಗಿಸಲೇಬೇಕು. ಇಲ್ಲದಿದ್ದರೆ ಮುಚ್ಚಳಕ್ಕೆ ಹತ್ತಿದ ಪುಡಿ ಹಾಗೇ ಕೈಬಿಟ್ಟು ಹೋಗುತ್ತದೆ.

ನಾನು ಹೇಳುತ್ತಿರುವುದು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ರಿಕಾಂಬಿನೆಂಟ್ ಹ್ಯೂಮನ್ ಜಿಎಂ-ಸಿಎಸ್‌ಎಫ್ ಬಗ್ಗೆ. ಇದು ಬಿಳಿ ರಕ್ತಕಣಗಳನ್ನು ಬೆಳೆಸುವ ಸೈಟೋಕೈನ್, ಅಂದರೆ ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್. ರಕ್ತದಿಂದ ತೆಗೆದ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳಿಗೆ ಇದನ್ನು ಐಎಲ್-4 ಎಂಬ ಇನ್ನೊಂದು ಸೈಟೋಕೈನ್ ಜೊತೆ ಕೊಟ್ಟು ಆರೇಳು ದಿನ ಬೆಳೆಸಿದರೆ ಅವು ಡೆಂಡ್ರಿಟಿಕ್ ಕೋಶಗಳಾಗುತ್ತವೆ, ಅಂದರೆ ರೋಗಾಣುವಿನ ಗುರುತನ್ನು ಉಳಿದ ರೋಗನಿರೋಧಕ ಕೋಶಗಳಿಗೆ ತೋರಿಸುವ ಕೋಶಗಳು. ನನ್ನ ಕೆಲಸವೆಲ್ಲ ಆ ಕೋಶಗಳ ಮೇಲೆಯೇ. ಒಂದು ವರ್ಷದಿಂದ ಈ ಪ್ರೋಟೀನ್ ಬಳಸುತ್ತಿದ್ದೇನೆ, ಎರಡು ಲಾಟ್ (ತಯಾರಿಕೆಯ ಬ್ಯಾಚ್) ನೋಡಿದ್ದಾಯಿತು.

ಇದಕ್ಕೆ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಮೊದಲು ಬೇರೆ ಕಡೆಯಿಂದ ತರಿಸುತ್ತಿದ್ದೆವು. ಲೇಬಲ್ ಮೇಲೆ ಶುದ್ಧತೆ 98% ಅಂತ ಇತ್ತು. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದೆ, ಈ ಪ್ರೋಟೀನಿನ ಗಾತ್ರವಾದ 14 ಕಿಲೋಡಾಲ್ಟನ್ ಹತ್ತಿರ ಒಂದೇ ಬ್ಯಾಂಡ್, ಚೆನ್ನಾಗಿಯೇ ಇತ್ತು. ಆದರೆ ಆರನೇ ದಿನಕ್ಕೆ ನೋಡಿದರೆ ಕೋಶಗಳು ನಾವೇನೂ ಕೊಡದೆ ತಾವಾಗಿಯೇ ಪಕ್ವವಾಗಿ ಕೂತಿರುತ್ತಿದ್ದವು. ಪಕ್ವತೆಯ ಗುರುತುಗಳಾದ ಸಿಡಿ83, ಸಿಡಿ86 ಎರಡೂ ಏರಿರುತ್ತಿದ್ದವು. ಕೋಶಗಳನ್ನು ಪಕ್ವಗೊಳಿಸಲು ನಾವು ಕೊಡುವ ಎಲ್‌ಪಿಎಸ್ (ಇ. ಕೋಲೈಯಂಥ ಬ್ಯಾಕ್ಟೀರಿಯಾದ ಹೊರಪೊರೆಯ ಅಂಶ) ಹಾಕಿದ ವೆಲ್‌ಗೂ, ಅಂದರೆ ಪ್ಲೇಟಿನ ಗುಳಿಗೂ, ಹಾಕದ ವೆಲ್‌ಗೂ ವ್ಯತ್ಯಾಸವೇ ಇಲ್ಲ. ಮೂರು ತಿಂಗಳು ಸೀರಮ್ ಬದಲಾಯಿಸಿದೆವು, ಪ್ಲೇಟ್ ಬದಲಾಯಿಸಿದೆವು, ಇನ್‌ಕ್ಯುಬೇಟರ್ ಒರೆಸಿದ್ದೇ ಒರೆಸಿದ್ದು.

ಕೊನೆಗೆ ಪಾಲಿಮಿಕ್ಸಿನ್ ಬಿ ಸೇರಿಸಿ ನೋಡಿದೆ. ಅದು ಎಂಡೋಟಾಕ್ಸಿನ್ನನ್ನು, ಅಂದರೆ ಇದೇ ಎಲ್‌ಪಿಎಸ್ಸನ್ನು, ಹಿಡಿದಿಟ್ಟುಕೊಳ್ಳುತ್ತದೆ. ಕೋಶಗಳು ತಕ್ಷಣ ಸುಮ್ಮನಾದವು! ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡಿಸಿದಾಗ ಪ್ರತಿ ಮೈಕ್ರೋಗ್ರಾಂ ಪ್ರೋಟೀನಿಗೆ 40 ಇಯು (ಎಂಡೋಟಾಕ್ಸಿನ್ ಯೂನಿಟ್) ಸಿಕ್ಕಿತು. ನಾವು ಹಾಕುತ್ತಿದ್ದದ್ದು ಮಿಲಿಲೀಟರಿಗೆ 50 ನ್ಯಾನೋಗ್ರಾಂ, ಅಂದರೆ 2 ಇಯು. 1 ಇಯು ಅಂದರೆ ಸುಮಾರು 100 ಪಿಕೋಗ್ರಾಂ ಎಂಡೋಟಾಕ್ಸಿನ್. ಮಾನೋಸೈಟ್ ಕೆರಳಲು ಅಷ್ಟು ಧಾರಾಳವಾಗಿ ಸಾಕು. ಜೆಲ್‌ಗೆ ಹಾಕುವ ಬಣ್ಣ ಪ್ರೋಟೀನನ್ನು ಮಾತ್ರ ತೋರಿಸುತ್ತದೆ, ಎಂಡೋಟಾಕ್ಸಿನ್ ಪ್ರೋಟೀನೇ ಅಲ್ವಲ್ಲ. 98% ಅನ್ನುವುದು ಸುಳ್ಳಾಗಿರಲಿಲ್ಲ. ನಮಗೆ ಬೇಕಾದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆ ಮೂರು ತಿಂಗಳಲ್ಲಿ ರಕ್ತ ಕೊಟ್ಟವರನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಈಗಿನ ವಯಲ್‌ನ ವಿಷಯಕ್ಕೆ ಬರುತ್ತೇನೆ. ಎಂಡೋಟಾಕ್ಸಿನ್ ಪ್ರತಿ ಮೈಕ್ರೋಗ್ರಾಂಗೆ 0.1 ಇಯು ಒಳಗೆ ಅಂತ ಬರೆದಿದ್ದಾರೆ. ಎರಡು ಲಾಟ್‌ಗಳನ್ನೂ ನಾವೇ ಪರೀಕ್ಷಿಸಿದೆವು, ಮಾತು ಉಳಿಸಿಕೊಂಡಿದ್ದಾರೆ. ಶಕ್ತಿ ಎಷ್ಟಿದೆ ಅಂತ ಟಿಎಫ್-1 ಕೋಶಗಳಲ್ಲಿ ನೋಡಿದೆ. ಈ ಕೋಶಗಳಿಗೆ ಜಿಎಂ-ಸಿಎಸ್‌ಎಫ್ ಥರದ ಸೈಟೋಕೈನ್ ಸಿಗದಿದ್ದರೆ ಬದುಕುವುದಿಲ್ಲ, ಹಾಗಾಗಿ ಇವುಗಳಿಗಿಂತ ಒಳ್ಳೆ ಪರೀಕ್ಷಕರು ಬೇಕಿಲ್ಲ. 96 ವೆಲ್ ಪ್ಲೇಟ್‌ನಲ್ಲಿ ಸಾಲಾಗಿ ತೆಳು ಮಾಡುತ್ತಾ ಹೋಗಿ, ಮೂರನೇ ದಿನ ರೆಸಾಜುರಿನ್ ಹಾಕಿದೆ. ಅದು ನೀಲಿ ಬಣ್ಣ, ಬದುಕಿರುವ ಕೋಶಗಳು ಅದನ್ನು ಗುಲಾಬಿ ಮಾಡುತ್ತವೆ. ನಾಲ್ಕು ಗಂಟೆ ಬಿಟ್ಟು ಪ್ಲೇಟ್ ಹೊರತೆಗೆದಾಗ ಎಡಗಡೆ ಗಾಢ ಗುಲಾಬಿ, ಬಲಗಡೆ ನೀಲಿ, ನಡುವೆ ನೇರಳೆ ಬಣ್ಣದ ಎರಡು ಸಾಲು. ಇಡಿ50, ಅಂದರೆ ಅರ್ಧದಷ್ಟು ಪರಿಣಾಮ ಕೊಡುವ ಪ್ರಮಾಣ, ಮಿಲಿಲೀಟರಿಗೆ 0.1 ನ್ಯಾನೋಗ್ರಾಂ ಹತ್ತಿರ ಬಂತು, ಅಂದರೆ ಮಿಲಿಗ್ರಾಂಗೆ ಸುಮಾರು 1 ಕೋಟಿ ಯೂನಿಟ್. ಎರಡನೇ ಲಾಟ್‌ನಲ್ಲೂ ನೇರಳೆ ಅದೇ ಜಾಗದಲ್ಲಿತ್ತು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಕೊರತೆಗಳೂ ಇವೆ. ಲಾಟ್‌ನ ಸರ್ಟಿಫಿಕೇಟ್ ಡಬ್ಬಿಯಲ್ಲಿ ಇರುವುದಿಲ್ಲ, ನಂಬರ್ ಕೊಟ್ಟು ಕೇಳಿ ತರಿಸಿಕೊಳ್ಳಬೇಕು. ಎಥನಾಲ್‌ನಲ್ಲಿ ಒರೆಸಿದರೆ ಲೇಬಲ್‌ನ ಅಕ್ಷರ ಅಳಿಸಿಹೋಗುತ್ತದೆ, ಬಂದ ದಿನವೇ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ಇದರಲ್ಲಿ ಬಿಎಸ್‌ಎ (ದನದ ರಕ್ತದ ಅಲ್ಬ್ಯುಮಿನ್ ಪ್ರೋಟೀನ್) ಇಲ್ಲ. ಕರಗಿಸಿದ ಮೇಲೆ ನೀವು 0.1% ಬಿಎಸ್‌ಎ ಸೇರಿಸದಿದ್ದರೆ ತೆಳು ದ್ರಾವಣದ ಪ್ರೋಟೀನ್ ಟ್ಯೂಬಿನ ಗೋಡೆಗೇ ಅಂಟಿಕೊಳ್ಳುತ್ತದೆ. ವೋರ್ಟೆಕ್ಸ್ ಬೇಡ, ನಿಧಾನಕ್ಕೆ ಅಲ್ಲಾಡಿಸಿ. ಸಣ್ಣ ಸಣ್ಣ ಭಾಗ ಮಾಡಿ ಮೈನಸ್ 80ರಲ್ಲಿಟ್ಟು, ಒಂದನ್ನು ಒಂದೇ ಸಲ ಕರಗಿಸಿ ಬಳಸಿ.

ಇನ್ನೊಂದು ವಿಷಯ. ಇ. ಕೋಲೈ ಪ್ರೋಟೀನಿಗೆ ಮನುಷ್ಯರ ಕೋಶಗಳು ಹಾಕುವ ಸಕ್ಕರೆ ಸರಪಳಿ ಹಾಕುವುದಿಲ್ಲ. ಕಲ್ಚರ್‌ಗೆ ಅದರಿಂದ ತೊಂದರೆಯಿಲ್ಲ. ಸಕ್ಕರೆ ಸರಪಳಿಯ ಪಾತ್ರವನ್ನೇ ಓದುವವರು ಎಚ್‌ಇಕೆ293 ಎಂಬ ಮನುಷ್ಯರ ಕೋಶಗಳಲ್ಲಿ ಮಾಡಿದ್ದನ್ನು ತರಿಸಿ. ಇಲಿಯ ಕೋಶಗಳ ಕೆಲಸವಿದ್ದರೂ ಇದು ಬೇಡ, ಮನುಷ್ಯರ ಜಿಎಂ-ಸಿಎಸ್‌ಎಫ್ ಅವುಗಳ ಮೇಲೆ ಕೆಲಸ ಮಾಡುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಈಗಿರುವ ಲಾಟ್‌ನದೇ ಇನ್ನೂ 10 ವಯಲ್ ನಮ್ಮ ಹೆಸರಿಗೆ ತೆಗೆದಿಡಲು ಹೇಳಿದ್ದೇನೆ. ಒಪ್ಪಿದ್ದಾರೆ.