ಶಿವಮೊಗ್ಗದಲ್ಲಿ ಮನೆ: ಕೋಟೆಯೋ, ಗೋಪಾಲಗೌಡ ಬಡಾವಣೆಯೋ, ಸೋಗಾನೆಯೋ?

ಶಿವಮೊಗ್ಗದಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು ಚದರಡಿಗೆ ಎಷ್ಟು ಅಂತ. ಆ ಏರಿಯಾ ಹೇಗೆ ಬೆಳೆಯಿತು ಅಂತ ಮೊದಲು ಕೇಳಿ ಅನ್ನುತ್ತೇನೆ ನಾನು. ರೇಟು, ಕಾಗದಪತ್ರ, ಗಾಡಿ ನಿಲ್ಲಿಸುವ ಜಾಗ ಎಲ್ಲಕ್ಕೂ ಉತ್ತರ ಅಲ್ಲೇ ಇರುತ್ತದೆ. ನಾವು ಕೋಟೆ ಕಡೆ ಭೋಗ್ಯಕ್ಕಿದ್ದೆವು. ಈಗ ಗೋಪಾಲಗೌಡ ಬಡಾವಣೆಯಲ್ಲಿ ಬಾಡಿಗೆಗೆ ಇದ್ದೇವೆ. ಸೋಗಾನೆ ಕಡೆ ಸೈಟುಗಳನ್ನೂ ನೋಡಿ ಬಂದಿದ್ದೇವೆ.

ಕೋಟೆ ಊರಿನ ಹಳೇ ಭಾಗ. ತುಂಗೆಯ ದಡ, ಶಿವಪ್ಪನಾಯಕನ ಅರಮನೆ, ಕೋಟೆ ಆಂಜನೇಯ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಶಿವಪ್ಪನಾಯಕ ಕೆಳದಿಯನ್ನು ಆಳಿದ್ದು 17ನೇ ಶತಮಾನದಲ್ಲಿ. ಕಾರು ಬರುತ್ತದೆ ಅಂತ ಯಾರೂ ಆಗ ಬೀದಿ ಬಿಡಲಿಲ್ಲವಲ್ಲ! ನಾವಿದ್ದ ಹಂಚಿನ ಮನೆಗೆ ಮುಂದೆ ಅಗಲವೇ ಇರಲಿಲ್ಲ. ಒಳಗೆ ಹೋದರೆ ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲು ಅಂತ ಉದ್ದಕ್ಕೆ ಸಾಗುತ್ತಿತ್ತು. ಗೋಡೆ ಪಕ್ಕದವರ ಜೊತೆ ಜಂಟಿ. ಅವರ ಮನೆಯ ಒಗ್ಗರಣೆ ಚಟಪಟ ಅಂದರೆ ನಮಗೆ ಕೇಳುತ್ತಿತ್ತು. ಆಷಾಢದಲ್ಲಿ ಗೋಡೆ ಥಂಡಿ ಹಿಡಿದು ಸುಣ್ಣ ಉದುರುತ್ತಿತ್ತು, ಬಟ್ಟೆ ಒಣಗಿಸುವುದು ಒಲೆಯ ಮೇಲಿನ ಹಗ್ಗದಲ್ಲೇ. ಆದರೂ ಅಮ್ಮನಿಗೆ ಆ ಮನೆ ಅಂದರೆ ಪ್ರಾಣ. ದೇವಸ್ಥಾನಕ್ಕೂ ಗಾಂಧಿ ಬಜಾರಿಗೂ ಯಾರನ್ನೂ ಕಾಯದೆ ನಡೆದು ಹೋಗಿ ಬರುತ್ತಿದ್ದರು.

ಕೊಂಡುಕೊಳ್ಳೋಣ ಅಂತ ಕೇಳಿದೆವು. ಮನೆಯ ಅಜ್ಜಿ, "ಮಾರೋದಾ? ಐದು ಜನ ಸಹಿ ಹಾಕಬೇಕಪ್ಪ, ಇನ್ನೂ ಪಾಲೇ ಆಗಿಲ್ಲ" ಅಂದರು. ಕೋಟೆ ಕಡೆಯ ವ್ಯಾಪಾರದ ಕಷ್ಟ ಇದೇ. ಮನೆ ತಲೆಮಾರುಗಳಿಂದ ಬಂದಿರುತ್ತದೆ, ಖಾತೆ ತೀರಿಕೊಂಡವರ ಹೆಸರಲ್ಲೇ ಉಳಿದಿರುತ್ತದೆ. ಎಲ್ಲ ಪಾಲುದಾರರೂ ಒಪ್ಪದ ಮನೆಗೆ ಮುಂಗಡ ಕೊಡಬೇಡಿ. ಹೊಳೆಯನ್ನೂ ನೋಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಕುಂಬಾರಗುಂಡಿ, ವಿದ್ಯಾನಗರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು. ನದಿ ಹತ್ತಿರ ಇದೆ ಅಂತ ಖುಷಿಪಡುವ ಮೊದಲು ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅಕ್ಕಪಕ್ಕ ವಿಚಾರಿಸಿ.

ಗೋಪಾಲಗೌಡ ಬಡಾವಣೆಯ ಹೆಸರು ಶಾಂತವೇರಿ ಗೋಪಾಲಗೌಡರದ್ದು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತ ಸಮಾಜವಾದಿ ಅವರು. ಅವರ ಹೆಸರಿನ ಬಡಾವಣೆಯಲ್ಲಿ ಇವತ್ತು ಸಂಬಳದವರು ಸೈಟು ಕೊಳ್ಳಲು ಹೆಣಗುವುದು ನೋಡಿದರೆ ಬೇಸರವಾಗುತ್ತದೆ. ನಕ್ಷೆ ಮಾಡಿ ಬೆಳೆಸಿದ ಜಾಗ ಆದ್ದರಿಂದ ರಸ್ತೆ ನೇರ, ಸೈಟಿನ ಅಳತೆ ಸ್ಪಷ್ಟ, ಬ್ಯಾಂಕಿನವರು ಸಾಲಕ್ಕೆ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಅಮ್ಮನಿಗೆ ಮಾತ್ರ ಬೇಜಾರು. ಪೇಟೆಗೆ ಹೋಗಬೇಕೆಂದರೆ ಆಟೋ ಬೇಕು. ಇಲ್ಲಿ ಹಳೇ ಆರ್‌ಸಿಸಿ ಮನೆ ನೋಡುವುದಾದರೆ ತಾರಸಿ ಹತ್ತಿ. ಮೇಲೆ ಶೀಟ್ ಹೊದಿಸಿಲ್ಲವೆಂದರೆ ಕೆಳಗಿನ ರೂಮಿನ ಮೂಲೆಗಳನ್ನು ಮುಟ್ಟಿ ನೋಡಿ. ನಮ್ಮ ಮಲೆನಾಡಿನ ಮಳೆ ಸುಮ್ನೆ ಬಿಡುವುದಿಲ್ಲ.

ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅಲ್ಲಿ ಸೈಟು ತೋರಿಸುವವರ ಮಾತೆಲ್ಲ ವಿಮಾನದ್ದೇ, ಚರಂಡಿಯ ಸುದ್ದಿ ಇಲ್ಲ. ನಾವು ನೋಡಿದ ಒಂದು ಸೈಟು ಗದ್ದೆಗೆ ಮಣ್ಣು ತುಂಬಿಸಿ ಮಾಡಿದ್ದು. ಪಾಯಕ್ಕೇ ಎಷ್ಟು ಖರ್ಚಾಗಬಹುದು ಅಂತ ಮೇಸ್ತ್ರಿ ತಲೆ ಕೆರೆದುಕೊಂಡರು. ಭೂಪರಿವರ್ತನೆ ಆದೇಶ, ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ನಕ್ಷೆ, ಇ-ಖಾತೆ ಮೂರೂ ಕೈಗೆ ಬಾರದೆ ಅಲ್ಲಿ ಮಾತು ಮುಂದುವರಿಸಬೇಡಿ.

ನಾವು ಬಡಾವಣೆಯಲ್ಲೇ ಒಂದು ಹಳೇ ಮನೆಗೆ ಮಾತಾಡುತ್ತಿದ್ದೇವೆ. ಬಸ್ ಸ್ಟಾಪು ಬಾಗಿಲಿಗೇ ಇದೆ ಅನ್ನುವುದೊಂದೇ ಕಾರಣಕ್ಕೆ ಅಮ್ಮ ಒಪ್ಪಿದ್ದಾರೆ. ಅಗ್ರಿಮೆಂಟ್ ಮಾತ್ರ ಈ ಮಳೆಗಾಲ ಕಳೆದ ಮೇಲೆಯೇ.